ನನ್ನ ಮಗಳ ಅತ್ತೆ

ನನ್ನ ಮಗಳಿಗೆ ನಾಲ್ಕು ತಿಂಗಳು ತುಂಬಿದರೂ ಹೆಸರಿಲ್ಲ. ಲಸಿಕೆಯ ಕಾರ್ಡಿನ ಮೇಲೆ ನನ್ನ ಹೆಸರು ಹಿಡಿದು ‘ಮೀನಲಳ ಮಗಳು’ ಎಂದಷ್ಟೇ ಇದೆ. ಕೂಸು ಕೆಮ್ಮಿದರೂ, ಹಾಲು ಕಕ್ಕಿದರೂ ಹೆಸರಿಡದ್ದಕ್ಕೇ ಇರಬಹುದೇನೋ ಎಂದು ಜೀವ ಹಾರುತ್ತದೆ. ಕಲಬುರಗಿಯಲ್ಲಿ ಬಿ.ಎಸ್ಸಿ. ಓದಿದ್ದು ಇದಕ್ಕೇನೂ ಉಪಯೋಗಕ್ಕೆ ಬಂದಿಲ್ಲ.

ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಅದರ ಅಪ್ಪನ ತಂಗಿ. ಆಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನಾನು ಬಸುರಿ ಎಂದು ತಿಳಿದ ಕೂಡಲೇ ನನ್ನ ನಾದಿನಿ ಸ್ನೇಹಲ ಗಂಡನ ಊರು ನಿಲಂಗಾದಿಂದ ಬಸ್ ಹತ್ತಿ ಬಂದಿದ್ದಳು.

“ವೈನಿ, ಈ ಸಲ ಸೋಯಾ ಚೀಲ ನಾನೇ ಹೊರ್ತೀನಿ. ಬೆನ್ನ ಗಟ್ಟಿ ಆಗ್ಬೇಕಲ್ಲ.”

ದಾಳಿಂಬ ಊರಿನ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ರೊಟ್ಟಿ ಬಡಿಯಲು ಕಲಿಸಿದವಳು ಅವಳೇ. ನನ್ನ ಮೊದಲ ರೊಟ್ಟಿಯನ್ನು ತನ್ನ ತಮ್ಮ ನೀಲೇಶನ ತಾಟಿಗೆ ಹಾಕಿ, “ಇದು ಟ್ರ್ಯಾಕ್ಟರಿನ ಸೀಟ್ ಅದ. ಟ್ರ್ಯಾಕ್ಟರ್ ಹೊಡ್ಯಾಂವ ನೀನೇ, ನೀ ತಿನ್ನು” ಎಂದಿದ್ದಳು. ಅವನು ಇನ್ನೊಂದು ಕೇಳಿ ತಿಂದಿದ್ದ.

ಮರುವರ್ಷ ನೀಲೇಶ ಹೊಲದ ಪಾಲಿಗಾಗಿ ಕೋರ್ಟಿಗೆ ಹೋದ. ಮಾವ ಮನ್ಮಥಪ್ಪನವರು ಕಟಕಟೆಯಲ್ಲಿ ನಿಂತರು. ತೀರ್ಪಿಗೂ ಮೊದಲೇ ಯೆಣೆಗೂರ ಹತ್ತಿರ ಅವನ ಬೈಕಿಗೆ ಲಾರಿ ಬಡಿಯಿತು.

ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲಿ, ಹಿರಿಯರ ಗದ್ದುಗೆಯ ಪಕ್ಕ ಕೂರಿಸಿ ಮಣ್ಣು ಮಾಡುತ್ತಾರೆ.

“ನನ್ನ ಕೋರ್ಟಿಗಿ ಎಳ್ದಾಂವ ನನ್ನ ಹೊಲದಾಗ ಕೂಡಂಗಿಲ್ಲ. ಊರ ಮಸಣಕ್ಕ ಒಯ್ಯಿರಿ,” ಎಂದರು ಮಾವ. ಗಂಡಸರೆಲ್ಲ ತಲೆ ತಗ್ಗಿಸಿದರು. ನನ್ನ ಗಂಡ ಋಷಿಕೇಶನೂ.

ಸ್ನೇಹಲ ಸೆರಗು ಸಿಕ್ಕಿಸಿಕೊಂಡು, ಅಜ್ಜನ ಗದ್ದುಗೆಯ ಪಕ್ಕ ತಾನೇ ಅಗೆಯತೊಡಗಿದಳು.

“ಜಗಳ ನಿಮ್ಮಿಬ್ಬರದು ಅಪ್ಪಾ. ನನಗ ಅಂವಾ ತಮ್ಮ.” ಆಮೇಲೆ ನನ್ನತ್ತ ತಿರುಗಿ, “ವೈನಿ, ವಿಭೂತಿ ಬುಟ್ಟಿ ತರ್ತೀರೇನು?” ಎಂದಳು.

ನನಗಾಗ ಆರು ತಿಂಗಳು. ಬಸುರಿ ಕುಣಿಯ ಹತ್ತಿರ ಹೋಗಬಾರದೆಂಬ ನೆಪವಿತ್ತು. ನಾನು ಬದುವಿನಿಂದ ಇಳಿಯಲಿಲ್ಲ. ಕೊನೆಗೆ ಪಕ್ಕದ ಹೊಲದವರು ಬಂದು ಸಲಿಕೆಗೆ ಕೈ ಹಾಕಿದರು. ಮಣ್ಣಾದ ಮೇಲೆ ಮಾವ ಮಗಳಿಗೆ, “ಇನ್ನ ನನ್ನ ಹೊಸ್ತಿಲ ತುಳೀಬ್ಯಾಡ,” ಎಂದರು.

ಈಗ ಮಾವ ಸೋಮವಾರ ಹೆಸರಿಡಲು ಗೊತ್ತುಮಾಡಿದ್ದಾರೆ. ಕಿವಿಯಲ್ಲಿ ಹೇಳಲು ದೂರದ ಸಂಬಂಧದ ಮೀರಾಬಾಯಿಯೇ ಸಾಕಂತೆ. ಇಂದು ಮಧ್ಯಾಹ್ನ ಮಾವ ಅಂಗಳದಲ್ಲಿ ಕೂತಿದ್ದಾಗಲೇ ನಾನು ನಿಲಂಗಾಕ್ಕೆ ಫೋನ್ ಹಚ್ಚಿದೆ.

“ಸ್ನೇಹಲ, ಸೋಮವಾರ ಹೆಸರಿಡೋದದ. ನೀನೇ ಬರಬೇಕು.”

“ಅಪ್ಪಾ ಏನಂದಾನ?”

“ಅವರಿಗಿ ಇನ್ನಾ ಹೇಳಿಲ್ಲ. ಫೋನ್ ಇಟ್ಟು ಹೇಳ್ತೀನಿ. ಕೂಸಿನ್ನ ಎತ್ಕೊಂಡು ಬಾಗಲದಾಗ ನಾನೇ ನಿಂದರ್ತೀನಿ.”

ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

“ಹಂಗಾರ ತಲಿ ಅಳತಿ ಹೇಳ್ರಿ ವೈನಿ. ಕುಲಾಯಿ ಹೊಲೀಬೇಕು.”