ದೀಪ ಹಚ್ಚಿದ ಮೇಲಿನ ಕತೆಗಳು

ಬಾಂದ್ರಾದ ನಮ್ಮ ಆಫೀಸಿನಲ್ಲಿ ಹೊಸ ವರ್ಷಕ್ಕೆ ಎಲ್ಲರೂ ಓದುವ ಪಣ ತೊಟ್ಟರು. ವರ್ಷದಲ್ಲಿ ಇಷ್ಟು ಪುಸ್ತಕ ಓದುತ್ತೇನೆಂದು ಒಬ್ಬರಿಗಿಂತ ಒಬ್ಬರು ಹೆಚ್ಚು ಹೇಳಿ, ಮುಖಪುಟಗಳ ಫೋಟೊಗಳನ್ನು ಗ್ರೂಪಿಗೆ ಹಾಕತೊಡಗಿದರು. ನನಗೆ ಈ ಜಂಭ ಆಗಿಬರುವುದಿಲ್ಲ. ಆದರೂ ಯಾರಿಗೂ ಹೇಳದೆ ನಾನೂ ಒಂದು ಪಣ ತೊಟ್ಟೆ. ಹಿಂದಿನ ದೀಪಾವಳಿಗೆ ಮೊದಲು ತೀರಿಕೊಂಡ ಅವ್ವನ ಕಪಾಟಿನ ಕಾದಂಬರಿಗಳನ್ನೆಲ್ಲ ವರ್ಷದೊಳಗೆ ಓದಿ ಮುಗಿಸಬೇಕು.

ಆ ಕತೆಗಳೇನೂ ನನಗೆ ಹೊಸವಲ್ಲ. ಧಾರವಾಡದಿಂದ ಮದುವೆಯಾಗಿ ಡೊಂಬಿವಲಿಗೆ ಬಂದ ಅವ್ವ, ಕೆಲಸಕ್ಕೆ ಹೋಗುವಾಗ ಬರುವಾಗ ಲೋಕಲ್ ರೈಲಿನಲ್ಲಿ ಓದುತ್ತಿದ್ದಳು. ಸಂಜೆ ದೇವರ ಮುಂದೆ ದೀಪ ಹಚ್ಚಿ, ರೊಟ್ಟಿ ಬಡಿಯುತ್ತಾ, ಅವತ್ತು ಓದಿದಷ್ಟನ್ನು ನನಗೆ ಹೇಳುತ್ತಿದ್ದಳು. ಹಿಟ್ಟು ಮುಗಿದರೆ ಕತೆಯೂ ನಿಲ್ಲುತ್ತಿತ್ತು.

ಮೊದಲ ಪುಸ್ತಕದಲ್ಲೇ ಎಡವಿದೆ. ಅವ್ವನ ಕತೆಯಲ್ಲಿ ಕೆರೆಯಿಂದ ಬದುಕಿ ಎದ್ದು ಬಂದಿದ್ದ ಸೊಸೆ, ಪುಸ್ತಕದಲ್ಲಿ ಮುಳುಗಿ ಸತ್ತಿದ್ದಳು. ಮುಂದಿನದರಲ್ಲಿ ನನಗೆ ಬಲು ಇಷ್ಟವಾಗಿದ್ದ ಮಾಸ್ತರ ಸತ್ತ. ಅವ್ವನ ಹಾಗೇ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನಿಂತೇ ಓದುತ್ತಿದ್ದವಳು ಪುಸ್ತಕ ಮುಚ್ಚಿಬಿಟ್ಟೆ. ಚಿಕ್ಕಂದಿನಿಂದ ನನ್ನೊಳಗೆ ಓಡಾಡಿಕೊಂಡಿದ್ದವರು ಒಬ್ಬೊಬ್ಬರಾಗಿ ಸಾಯುತ್ತಿದ್ದರು. ಅಂಥ ಪುಟ ಬಂದಾಗಲೆಲ್ಲ ಬೆನ್ನ ಹಿಂದೆ ಅವ್ವನ ದನಿ.

"ದೀಪಾ ಹಚ್ಚಿದ ಮ್ಯಾಲೆ ಸಾವಿನ ಸುದ್ದಿ ತಗೀಬಾರದವ್ವಾ."

ನಮ್ಮ ಮನೆಯ ಕಟ್ಟುನಿಟ್ಟು ಅದು. ಸಂಜೆ ಊರಿಂದ ಯಾರದಾದರೂ ಸಾವಿನ ಫೋನ್ ಬಂದರೆ ಅವ್ವ ಅಪ್ಪನಿಗೆ ಹೇಳುತ್ತಿದ್ದುದು ಬೆಳಿಗ್ಗೆಯೇ. ಆ ನಿಯಮಕ್ಕೆ ಕಾದಂಬರಿಗಳನ್ನೂ ಬಗ್ಗಿಸಿದ್ದಳು, ಗಟ್ಟಿಗಿತ್ತಿ! ಪ್ರತಿ ಸಲ ತಿರುಗಿ ನೋಡುತ್ತಿದ್ದೆ. ಹಿಂದೆ ಯಾರೋ ಹುಡುಗಿ ಫೋನಿನಲ್ಲಿ ಮುಳುಗಿರುತ್ತಿದ್ದಳು.

ಡಿಸೆಂಬರಿಗೆ ಉಳಿದದ್ದು ಒಂದೇ ಪುಸ್ತಕ. ಅವ್ವ ಪರೇಲಿನ ಆಸ್ಪತ್ರೆಯಲ್ಲಿ ಓದಿದ್ದು. ಕಾಯಿಲೆ ಬಿದ್ದು ದೂರದ ಊರಿನ ಆಸ್ಪತ್ರೆ ಸೇರಿದ ಹೆಂಗಸೊಬ್ಬಳ ಕತೆ. ಅರ್ಧ ಹೇಳಿ ನಿಲ್ಲಿಸಿದ್ದಳು. ಮುಂದೇನಾಯಿತೆಂದು ಕೇಳಿದರೆ, "ಮನಿಗೆ ಹೋದ ಮ್ಯಾಲೆ ಹೇಳ್ತೀನಿ" ಅನ್ನುತ್ತಿದ್ದಳು. "ರವಿವಾರ ಬಿಡ್ತಾರಂತವ್ವಾ" ಎಂದು ನಾನು ವಾರ ವಾರವೂ ಧೈರ್ಯ ಹೇಳುತ್ತಿದ್ದೆ. ನಾನದನ್ನು ನಂಬಿಯೂ ಇದ್ದೆ. ಈಗ ಪುಸ್ತಕದ ಕೊನೆ ಸಿಗುತ್ತದೆ, ಅವ್ವ ಹೇಳಬೇಕಿದ್ದ ಕೊನೆ ಎಲ್ಲಿ ಸಿಗಬೇಕು? ಆ ಸಂಕಟಕ್ಕೇ ಅದನ್ನು ತೆರೆಯದೆ ಇಟ್ಟಿದ್ದೆ.

ವರ್ಷದ ಕೊನೆಯ ರವಿವಾರ ಕೂತು ಓದಿದೆ. ಮುಗಿಯುವಾಗ ಸಂಜೆಯಾಗಿತ್ತು. ಆ ಹೆಂಗಸು ಬದುಕಿದ್ದಳು! ಗುಣವಾಗಿ, ಟಾಂಗಾದಲ್ಲಿ ಕೂತು ಮನೆಗೆ ಬಂದಿದ್ದಳು. ಅವ್ವ ಬದಲಿಸಬೇಕಾದದ್ದು ಏನೂ ಇರಲಿಲ್ಲ. ಆ ಖುಷಿಯಲ್ಲಿ ಓಡಿಹೋಗಿ ಮಗಳಿಗೆ ಹೇಳಿದೆ.

ಕನ್ನಡಕ್ಕೆ ತಡವರಿಸುವ ಮಗಳು ತಲೆಯಾಡಿಸಿದಳು. "ನಹೀ ಮಮ್ಮಿ. ಆಕಿ ವಾಪಸ್ ಬರಲೇ ಇಲ್ಲ. ಅಜ್ಜಿ ನಂಗ ಪೂರಾ ಸ್ಟೋರಿ ಹೇಳ್ಯಾಳ."

"ಯಾವಾಗ?"

"ಹಾಸ್ಪಿಟಲ್‌ನ್ಯಾಗ, ಮಧ್ಯಾಹ್ನ. ನೀ ಚಹಾ ತರಾಕ ಹೋಗಿದ್ದಿ. 'ನಿಮ್ಮವ್ವಗ ಹೇಳಬ್ಯಾಡ, ಆಕಿ ಇನ್ನೂ ರವಿವಾರದ ದಾರಿ ಕಾಯಾಕತ್ತಾಳ' ಅಂದ್ಲು ಅಜ್ಜಿ."

ದೀಪ ಹಚ್ಚುವ ಹೊತ್ತಾಗಿತ್ತು. ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡವಳು ಹಾಗೇ ಕೆಳಗಿಟ್ಟೆ. ಕತ್ತಲಾಗುತ್ತಿದ್ದ ಅಡುಗೆಮನೆಯಲ್ಲಿ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಅಜ್ಜಿ ಹೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳು ಎಂದೆ.