ಸಮದ್ ಹಿಡಿದ ಹಗ್ಗ

ಸೇತುವೆಯ ಮೇಲೆ ಓಡಾಡುವವರಿಗೆ ಅದರ ಕಾಲಿನ ಚಿಂತೆ ಎಲ್ಲಿಂದ ಬರಬೇಕು? ಅರವತ್ತರ ದಶಕದ ಮೊದಲಲ್ಲಿ ಜೆಪ್ಪುವಿನಾಚೆ ಹೊಳೆಗೆ ಸೇತುವೆ ಏಳುತ್ತಿದ್ದಾಗ, ಕಮಾನು ಕಟ್ಟಿದರೆ ಚಂದವಿತ್ತು ಎಂದು ದಡದಲ್ಲಿ ನಿಂತು ಹೇಳುವವರಿಗೇನೂ ಬರವಿರಲಿಲ್ಲ. ಕಮಾನಿನ ಭಾರ ಹೊರಲು ಬಂಡೆ ಬೇಕು. ಇಲ್ಲಿ ಅಗೆದಷ್ಟೂ ಮರಳು. ಹಾಗಾಗಿ ಪ್ರತಿ ಕಂಬದ ಕೆಳಗೆ ಒಂದೊಂದು ಕಾಂಕ್ರೀಟ್ ಬಾವಿ, ಅಂದರೆ ತಳವಿಲ್ಲದ ದೊಡ್ಡ ಕೊಳವೆ. ಒಳಗಿನ ಮರಳು ತೆಗೆದಂತೆ ಅದು ತನ್ನ ಭಾರಕ್ಕೆ ತಾನೇ ಇಳಿಯುತ್ತಿತ್ತು.

ಆ ಬಾವಿಗಳಲ್ಲಿ ಮುಳುಗುತ್ತಿದ್ದವನು ರವೂಫ್. ಮೊದಲು ಹೊಳೆಯಲ್ಲಿ ಸುಣ್ಣದ ಚಿಪ್ಪು ತೆಗೆಯುತ್ತಿದ್ದವನು. ಅವನ ಸೊಂಟದ ಹಗ್ಗ ಹಿಡಿದು ಬಾವಿಯ ಅಂಚಿನಲ್ಲಿ ಕೂರುತ್ತಿದ್ದವನು ಹೆಂಡತಿ ಬೀಫಾತಿಮ್ಮಳ ಅಣ್ಣ ಸಮದ್. ಮುಳುಗುವ ಕಸುಬಿನವರ ಮನೆಗಳಲ್ಲಿ ಹಗ್ಗವನ್ನು ಹೆಂಡತಿಯ ಅಣ್ಣನಿಗಲ್ಲದೆ ಬೇರೆಯವರಿಗೆ ಕೊಡುತ್ತಿರಲಿಲ್ಲ. ತಂಗಿಯ ಬಾಳು ಕೈಯಲ್ಲಿರುವಾಗ ಯಾವ ಅಣ್ಣ ಮೈಮರೆಯುತ್ತಾನೆ? ಸಮದ್ ಬೀಡಿ ಕೂಡ ಬಿಟ್ಟಿದ್ದ, ಹಚ್ಚಲು ಕೈ ತೆಗೆಯಬೇಕಾಗುತ್ತದೆಂದು.

ಆ ವರ್ಷ ಒಂದು ಬಾವಿ ವಾಲಿತು. ಅಂಚಿನಡಿ ಹಳೆಯ ಮರದ ದಿಮ್ಮಿ ಸಿಕ್ಕಿಕೊಂಡು ಒಂದು ಬದಿ ಇಳಿಯಲೊಲ್ಲದು. ಮಳೆ ಹತ್ತಿರವಾಗಿತ್ತು. ವಾಲಿದ ಬಾವಿಗೆ ನೆರೆ ಬಡಿದರೆ ಮಾಡಿದ್ದೆಲ್ಲ ನೀರುಪಾಲು. ರವೂಫ್ ದಿನವೂ ಉಸಿರು ಕಟ್ಟಿ ಇಳಿದು ದಿಮ್ಮಿಯನ್ನು ಕಡಿದು ಬರುತ್ತಿದ್ದ.

"ಇವತ್ತು ಬೇಡ ಮಾರಾಯ, ನೀರು ಪೂರಾ ಕೆಸರು ಉಂಟು," ಎಂದ ಸಮದ್.

"ಇನ್ನು ಸ್ವಲ್ಪವೇ ಉಂಟು ಭಾವ. ನಾನು ಜಗ್ಗಿದರೆ ಎಳೆಯಿರಿ, ಅಷ್ಟೇ."

ಹಗ್ಗ ಇಳಿಯಿತು. ನಿಂತಿತು. ತುಂಬ ಹೊತ್ತು ನಿಂತಿತು. ಸಮದ್ ಎದ್ದು ನಿಂತ. ಆಗ ಹಗ್ಗ ಜಗ್ಗಿತು, ಮತ್ತೊಮ್ಮೆ ಜಗ್ಗಿತು. ಎಳೆದರೆ ಬರಲೊಲ್ಲದು. "ಸಿಕ್ಕಿಬಿದ್ದಿದ್ದಾನೆ, ಬನ್ನಿ!" ಎಂದು ಕೂಗಿ, ಓಡಿಬಂದವರ ಜೊತೆ ಅಂಗೈ ಸುಲಿಯುವಂತೆ ಎಳೆದ. ಕೆಳಗೆ ಏನೋ ಕಿತ್ತು ಬಂತು. ಬಾವಿ ಗುಡುಗುತ್ತ ಒಮ್ಮೆಲೇ ಕೆಳಗಿಳಿಯಿತು. ಹೊರಗಿನ ಮರಳು ಒಳಗೆ ನುಗ್ಗಿ ನೀರು ಉಕ್ಕಿತು.

"ನೆಟ್ಟಗಾಯಿತು! ನೆಟ್ಟಗಾಯಿತು ಮಾರಾಯ್ರೇ!" ಓವರ್ಸಿಯರ್ ವಾಲ್ಟರ್ ಕುಣಿದೇ ಬಿಟ್ಟ.

ಹಗ್ಗದ ತುದಿಯಲ್ಲಿ ಬಂದದ್ದು ದಿಮ್ಮಿಯ ತುಂಡು. ಅದಕ್ಕೆ ರವೂಫನ ಗಂಟು. ತಾನು ಮೇಲೆ ಬಂದ ನಂತರ ಎಲ್ಲರೂ ಸೇರಿ ಎಳೆಯಲೆಂದು ಅವನು ಸೊಂಟದ ಹಗ್ಗ ಬಿಚ್ಚಿ ಮರಕ್ಕೆ ಬಿಗಿದಿದ್ದ. ಬಿಗಿಯುವಾಗಿನ ಜಗ್ಗನ್ನೇ ಸಮದನ ಕೈ ಕರೆ ಎಂದುಕೊಂಡಿತ್ತು. ರವೂಫ್ ಇನ್ನೂ ಕೆಳಗೇ ಇದ್ದ. ಸಮದ್ ನೀರಿಗೆ ಹಾರಿದ, ಮರಳು ಬಗೆದ, ಮತ್ತೆ ಹಾರಿದ. ಕೊನೆಗೆ ನಾಲ್ಕು ಜನ ಹಿಡಿದು ಕೂರಿಸಬೇಕಾಯಿತು.

ಆಮೇಲೆ ಅವನು ಹಗ್ಗ ಮುಟ್ಟಲಿಲ್ಲ. ಬಂದರಿನಲ್ಲಿ ಮೂಟೆ ಹೊತ್ತು ತಂಗಿಯನ್ನೂ ಮಕ್ಕಳನ್ನೂ ಸಾಕಿದ. ನಡೆದದ್ದನ್ನು ಅವಳಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದ. ತೆರೆದಾಗಲೆಲ್ಲ ಆ ದಿನದ ಸಂಜೆಯೇ ಅಡ್ಡ ಬರುತ್ತಿತ್ತು. ಅಂದು ಬೀಫಾತಿಮ್ಮ, ತಾನು ಕಾಕಾ ಎಂದು ಕರೆಯುವ ಅಣ್ಣನ ಸುಲಿದ ಅಂಗೈಗಳಿಗೆ ಎಣ್ಣೆ ಹಚ್ಚುತ್ತ ಅತ್ತಿದ್ದಳು.

"ನಿಮ್ಮ ಮೇಲೆ ನನಗೆ ಎಂತ ಬೇಜಾರೂ ಇಲ್ಲ ಕಾಕಾ. ಎಷ್ಟು ಆಗ್ತದೋ ಅಷ್ಟು ಎಳೆದಿದ್ದೀರಿ."

ಸಮದ್ ಕೈ ಹಿಂದಕ್ಕೆ ತೆಗೆಯಲು ನೋಡಿದ. ಅವಳು ಬಿಡಲಿಲ್ಲ.