ಉಮರಬ್ಬ ಹಾಕಿಕೊಟ್ಟ ನೆಲ

ಉಮರಬ್ಬ ಯಾರ ಮನೆಗೆ ಹೋದರೂ ಮೊದಲು ಒಂದು ಚೊಂಬು ನೀರು ಕೇಳುತ್ತಿದ್ದರು. ಬಿಸಿಲಲ್ಲಿ ಬಂದಿದ್ದಾರೆ, ಬಾಯಾರಿರಬೇಕು ಎಂದು ಮನೆಯವರು ತಂದುಕೊಟ್ಟರೆ, ಅದನ್ನು ನಡುಮನೆಯ ನೆಲಕ್ಕೆ ಸುರಿದುಬಿಡುತ್ತಿದ್ದರು. ಸುರಿದು, ಲುಂಗಿ ಎತ್ತಿ ಕಟ್ಟಿ, ನೀರಿನ ಹಿಂದೆ ಹೊರಡುತ್ತಿದ್ದರು. ನೀರು ಸೋಫಾದ ಅಡಿಗೆ ಹೋದರೆ ಅವರ ತಲೆಯೂ ಸೋಫಾದ ಅಡಿಗೆ. ಎಲ್ಲಾದರೂ ಅದು ನಿಂತುಬಿಟ್ಟಿತೋ, ಎದ್ದು ಮನೆಯವರನ್ನು ಕಳ್ಳರನ್ನು ನೋಡುವ ಹಾಗೆ ನೋಡುತ್ತಿದ್ದರು.

"ಎಂಥ ಮಾರಾಯ್ರೆ, ನಿಮ್ಮ ನೆಲ ಸತ್ತುಹೋಗಿ ಉಂಟು!"

ನೀಲಿ ಲುಂಗಿ ಎಂದು ಬರೆಯಲು ಹೊರಟಿದ್ದೆ. ಅಕ್ಕ ಹಸಿರು ಎನ್ನುತ್ತಾಳೆ. ಅವರ ಗಡ್ಡ ಬೆಳ್ಳಗಿತ್ತು ಎಂದು ನಾನು, ಇಲ್ಲ, ಸಿಮೆಂಟ್ ಹತ್ತಿ ಹಾಗೆ ಕಾಣುತ್ತಿತ್ತು ಎಂದು ಅವಳು. ಒಬ್ಬ ಮನುಷ್ಯನ ಬಗ್ಗೆ ಬರೆಯಲು ಕೂತರೆ ಮೊದಲು ಕೈಕೊಡುವುದು ಅವನ ಬಣ್ಣ. ಆದ್ದರಿಂದ ಲುಂಗಿಯನ್ನು ಬಿಡುತ್ತೇನೆ. ಚೊಂಬಿನ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಜಗಳವಿಲ್ಲ. ಅದು ಈಗಲೂ ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿದೆ.

ನಾನು ಅವರನ್ನು ಮೊದಲು ನೋಡಿದ್ದು ಮಲ್ಲಂದೂರಿನ ಕಡೆಯ ಒಂದು ಎಸ್ಟೇಟಿನಲ್ಲಿ. ನಾನಲ್ಲಿ ರೈಟರ್, ಅಂದರೆ ಆಳು-ಕೂಲಿಯ ಲೆಕ್ಕ ಬರೆಯುವವ. ಅವರು ಕಣ ಹಾಕುವ ಕಂತ್ರಾಟುದಾರರು. ಕಾಫಿ ಒಣಗಿಸುವ ಸಿಮೆಂಟಿನ ಕಣ. ಘಾಟಿಯ ಕೆಳಗಿನಿಂದ ಬಂದವರು, ಕೊಟ್ಟಿಗೆಹಾರದಲ್ಲಿ ನೆಲೆ ನಿಂತವರು. ಈ ಕಡೆಯ ಅರ್ಧ ಕಣಗಳು ತಮ್ಮವೇ ಎಂದು ಹೇಳಿಕೊಳ್ಳುತ್ತಿದ್ದರು. ಸಂಕೋಚ ಎಂಬುದು ಅವರಲ್ಲಿ ಇರಲಿಲ್ಲ. ಕಣದಲ್ಲಿ ಕಾಫಿ ಹರಡಿರುವಾಗ ಅಕಾಲದ ಮಳೆಯೊಂದು ಬಿದ್ದರೆ, ಬಿದ್ದ ನೀರು ಬಿದ್ದ ಕೂಡಲೇ ಹೊರಗೆ ಓಡಬೇಕು. ನಿಂತರೆ ಹಣ್ಣು ಮುಗ್ಗುತ್ತದೆ. ಅದಕ್ಕಾಗಿ ನೆಲಕ್ಕೆ ಒಂದು ಸಣ್ಣ ಇಳಿಜಾರು ಇಡುತ್ತಾರೆ. 'ವಾಟ' ಎನ್ನುತ್ತಾರೆ ಅದಕ್ಕೆ. ಕಣ್ಣಿಗೆ ಕಾಣಬಾರದು, ನೀರಿಗೆ ಕಾಣಬೇಕು.

ಒಂದು ದಿನ ಹಸಿ ಸಿಮೆಂಟಿನ ಅಂಚಿಗೆ ಎಸ್ಟೇಟಿನ ಸಾಹುಕಾರರು ಬಂದು ನಿಂತರು. ಉಮರಬ್ಬ ಆ ತುದಿಯಿಂದಲೇ ಕೂಗಿದರು: "ಅಲ್ಲೇ ನಿಲ್ಲಿ ಸಾಹುಕಾರ್ರೆ! ನೆಲ ಇನ್ನೂ ಕೇಳಿಸ್ಕೊಳ್ತಾ ಉಂಟು. ಕಾಲಿಟ್ರೆ ಕೊನೇವರೆಗೂ ನೆನಪಿಟ್ಕೊಳ್ತದೆ!"

ಸಾಹುಕಾರರು ತಮ್ಮ ಕಣದಲ್ಲಿ ತಮ್ಮನ್ನೇ ತಡೆದರೆಂಬ ಸಿಟ್ಟಿಗೆ ಒಂದು ಹೆಜ್ಜೆ ಇಟ್ಟೇಬಿಟ್ಟರು. ಆ ಬೂಟಿನ ಗುರುತು ಅಲ್ಲೇ ಉಳಿಯಿತು. ಹಾಗೆಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಆ ವಾರ ನಾನು ಮನೆಗೆ ಬಂದಾಗ ಹೇಳಿದ್ದು ನಾಯಿಯ ಕಾಲಿನ ಗುರುತು ಎಂದು, ಬೂಟು ಆಮೇಲೆ ಸೇರಿಕೊಂಡಿತು ಎಂದು ಅಕ್ಕನ ವಾದ. ಈಚೆಗೆ ಹೋಗಿ ನೋಡಿಯೇ ಬರೋಣವೆಂದು ಹೋದೆ. ಎಸ್ಟೇಟ್ ಹೋಂಸ್ಟೇ ಆಗಿದೆ. ಕಣದ ಮೇಲೆ ಇಂಟರ್‌ಲಾಕ್ ಹಾಸಿ ಕಾರು ನಿಲ್ಲಿಸುತ್ತಾರೆ. ಬೂಟೋ ನಾಯಿಯೋ, ಕೆಳಗೆ ಹೋಗಿದೆ.

ಕಣಗಳ ಕೆಲಸ ಕಡಿಮೆಯಾದ ಮೇಲೆ ಉಮರಬ್ಬ ಮನೆಗಳಿಗೆ ಟೈಲ್ಸ್ ಹಾಕತೊಡಗಿದರು. ಆ ಹೊತ್ತಿಗೆ ಸರಿಯಾಗಿ ನಮಗೂ ನೆಲ ಬೇಕಾಯಿತು.

ಬೇಕಾಗಿದ್ದು ಅಕ್ಕನಿಗೆ. ಸರೋಜಕ್ಕ ಟೀಚರ್ ಆಗಿದ್ದವಳು. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಬದಿಯ ಈ ಮನೆ ಅವಳ ಸಂಬಳದ್ದು. ನಾನು ಅದರಲ್ಲಿರುವ ತಮ್ಮ. ನಿವೃತ್ತಳಾದ ಮೇಲೆ ಅವಳಿಗೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಹೋದವು. ಬಲಗಾಲಿನಲ್ಲಿ ಮೊದಲೇ ಮಂಡಿನೋವು. ಗಾಲಿಕುರ್ಚಿ ಬಂತು. ಒಂದೇ ಕೈಯಲ್ಲಿ ಒಂದೇ ಗಾಲಿ ತಿರುಗಿಸಿದರೆ ಕುರ್ಚಿ ಮುಂದೆ ಹೋಗುವುದಿಲ್ಲ, ಇದ್ದಲ್ಲೇ ಸುತ್ತುತ್ತದೆ. ಅವಳು ಸುತ್ತುತ್ತಿದ್ದಳು. ನಾನು ಹಿಂದಿನಿಂದ ತಳ್ಳಿದರೆ ಅವಳಿಗೆ ಮೈಯುರಿ.

"ಎತ್ತನ್ನಾದ್ರೂ ಹೋ ಅಂತ ಕೂಗಿ ಹೊರಡಿಸ್ತಾರೆ ಕಣೋ. ನೀನು ಹೇಳದೆ ಕೇಳದೆ ತಳ್ತೀಯ."

ಅವಳಿಗೆ ಬೇಕಾಗಿದ್ದು ಒಂದೇ. ಬೆಳಿಗ್ಗೆ ತನ್ನ ಕೋಣೆಯಿಂದ ಮುಂಬಾಗಿಲವರೆಗೆ ತಾನೇ ಹೋಗಬೇಕು. ಬಾಗಿಲಿನಿಂದ ರಸ್ತೆ ಕಾಣುತ್ತದೆ. ಬಸ್ಸು, ಎಸ್ಟೇಟಿನ ಜೀಪು, ಎಂದೋ ಅವಳಿಂದ ಕಿವಿ ಹಿಂಡಿಸಿಕೊಂಡ ಯಾರಾದರೂ ಒಬ್ಬರು. ಆದರೆ ಹಳೆಯ ಕೆಂಪು ನೆಲ ಬಿರುಕು ಬಿಟ್ಟಿತ್ತು. ಕೋಣೆಗೂ ನಡುಮನೆಗೂ ನಡುವೆ ಹೊಸ್ತಿಲು. ಎಲ್ಲ ಕಿತ್ತು, ಒಂದೇ ಸಮನಾದ ನೆಲ ಹಾಕಿಸಿದರೆ ಒಂದು ಕೈ, ದಿಕ್ಕು ಹಿಡಿಯಲು ಬಲಗಾಲಿನ ತುದಿ ಸಾಕಾದೀತು ಎಂದು ನನ್ನ ಆಸೆ. ನನಗೂ ಬಿಡುಗಡೆ ಬೇಕಿತ್ತೇನೋ.

ಮೊದಲು ಚಿಕ್ಕಮಗಳೂರಿನಿಂದ ಒಬ್ಬ ಗುತ್ತಿಗೆದಾರ ಬಂದ. ಇಸ್ತ್ರಿ ಮಾಡಿದ ಅಂಗಿ, ಗೋಡೆಯ ಮೇಲೆ ಕೆಂಪು ಗೆರೆ ಎಳೆಯುವ ಯಂತ್ರ. ಒಳ್ಳೆಯ ಹುಡುಗನೇ. ಆದರೆ ಅಕ್ಕನ ತಲೆಯ ಮೇಲಿನಿಂದ ನನ್ನ ಜೊತೆ ಮಾತಾಡಿದ. "ಅಮ್ಮನವರಿಗೆ ಜಾರದ ಟೈಲ್ಸ್ ಹಾಕೋಣ ಸರ್. ಅಮ್ಮನವರಿಗೆ ತಿಳಿ ಬಣ್ಣ ಆಗಬಹುದಾ ಸರ್?"

"ಅಮ್ಮನವರು ಇಲ್ಲೇ ಕೂತಿದ್ದಾರಲ್ಲಪ್ಪ, ಅವರನ್ನೇ ಕೇಳು" ಎಂದಳು ಅಕ್ಕ. ಅವನು ಅವಳತ್ತ ನಗೆ ಬೀರಿ, ಮುಂದಿನ ಪ್ರಶ್ನೆಯನ್ನು ಮತ್ತೆ ನನಗೇ ಕೇಳಿದ.

ಉಮರಬ್ಬ ಬಂದವರು ಬಾಗಿಲಲ್ಲೇ ನಿಂತು ಅವಳನ್ನು ಮೇಲಿನಿಂದ ಕೆಳಗೆ ನೋಡಿದರು.

"ಏನ್ ಟೀಚರೇ, ನನ್ನ ಮಗಳನ್ನ ದಿನಾ ಬೆಂಚಿನ ಮೇಲೆ ನಿಲ್ಲಿಸ್ತಿದ್ರಿ. ಈಗ ದೇವ್ರು ನಿಮ್ಮನ್ನ ಕೂರಿಸಿದ್ನಾ?"

ನಾನು ಅಕ್ಕನ ಮುಖ ನೋಡಿದೆ. ಅಕ್ಕ ನಕ್ಕಳು. ಕಾಯಿಲೆ ಬಿದ್ದ ಮೇಲೆ ಅದೇ ಮೊದಲು. ಬಾಯಿಯ ಒಂದು ಬದಿಯಷ್ಟೇ ನಗುತ್ತಿತ್ತು, ಆದರೆ ಅದು ನಿಲ್ಲಲೇ ಇಲ್ಲ.

"ನಿಮ್ಮ ಮಗಳು ಕೊನೆಗಾದ್ರೂ ಮಗ್ಗಿ ಕಲಿತಳಾ ಉಮರಬ್ಬ?"

"ಕಲಿತ್ಲು ಕಲಿತ್ಲು. ಈಗ ನನ್ನ ಲೆಕ್ಕ ಎಲ್ಲಾ ಅವಳೇ ತಪ್ಪಿಸೋದು. ಒಂದು ಚೊಂಬು ನೀರು ಕೊಡಿ."

ಕೆಲಸ ಅವರಿಗೇ ಹೋಯಿತು.

ಅವರು ಕೂತದ್ದು ನನಗೆ ನೆನಪಿಲ್ಲ. ಟೈಲ್ಸ್ ಕೂರಿಸುವವರು ನೆಲದ ಮೇಲೆ ಕೂರಲೇಬೇಕಲ್ಲ, ಕೂತಿರಬೇಕು. ನನ್ನ ತಲೆಯಲ್ಲಿ ಮಾತ್ರ ಅವರು ನಡೆಯುತ್ತಲೇ ಇದ್ದಾರೆ. ಬರಿಗಾಲಲ್ಲಿ, ಕಿವಿಗೂ ಹೆಗಲಿಗೂ ನಡುವೆ ಮೊಬೈಲು ಸಿಕ್ಕಿಸಿಕೊಂಡು, ಬಣಕಲ್ಲಿನ ಯಾರಿಗೋ "ನಿಮ್ಮನೇಲೇ ಇದ್ದೀನಿ ಮಾರಾಯ್ರೆ, ಹಿಂದುಗಡೆ ಬಾತ್ರೂಮಲ್ಲಿ" ಎಂದು ನಮ್ಮ ನಡುಮನೆಯಲ್ಲಿ ನಿಂತು ಹೇಳುತ್ತ. ಅರ್ಧ ನೆಲ ಹಾಕಿ ಮಾಯವಾಗುತ್ತಿದ್ದರು. ಕೇಳಿದರೆ ಬಾಗಿಲ ಸಂದಿಯಲ್ಲಿ ಒರಗಿಸಿಟ್ಟ ತಮ್ಮ ರಸಮಟ್ಟದ ಕಡೆ ಬೆರಳು ತೋರಿಸುತ್ತಿದ್ದರು. ನೆಲ ಸಮವಾಗಿದೆಯೇ ಎಂದು ಗಾಜಿನ ಗುಳ್ಳೆಯಲ್ಲಿ ತೋರಿಸುವ ಉದ್ದನೆಯ ಪಟ್ಟಿ ಅದು.

"ನನ್ನ ರಸಮಟ್ಟ ನಿಮ್ಮ ಹತ್ರಾನೇ ಉಂಟಲ್ಲ ರೈಟ್ರೇ, ನಾನೆಲ್ಲಿ ಓಡಿಹೋಗ್ಲಿ?"

ಕೆಲಸ ಒಪ್ಪಿಕೊಂಡ ಪ್ರತಿ ಮನೆಯಲ್ಲೂ ಹೀಗೆ ಒಂದೊಂದು ರಸಮಟ್ಟ ಒತ್ತೆ ಬಿದ್ದಿದೆ ಎಂದು ನನಗೆ ಆಮೇಲೆ ಗೊತ್ತಾಯಿತು. ನಮ್ಮದನ್ನು ಅವರು ಕೈಗೆತ್ತಿಕೊಂಡದ್ದನ್ನು ನಾನು ನೋಡಿದ ನೆನಪಿಲ್ಲ. ಅಂಗೈಯಲ್ಲಿ ಟೈಲ್ಸ್ ಸವರುತ್ತಿದ್ದರು, ರಬ್ಬರ್ ಸುತ್ತಿಗೆಯಲ್ಲಿ ತಟ್ಟುತ್ತಿದ್ದರು, ಮುಂದೆ ಹೋಗುತ್ತಿದ್ದರು. "ನೆಲ ಅಂದ್ರೆ ಬಿದ್ದಿರೋದಲ್ಲ ಟೀಚರೇ, ಹೋಗ್ತಾ ಇರೋದು" ಎಂದು ಅಕ್ಕನಿಗೆ ಪಾಠ ಹೇಳುತ್ತಿದ್ದರು. "ಹಾಗಾದ್ರೆ ಬೇಗ ಹೋಗ್ಲಿ, ಇವನು ತಳ್ಳೋದು ತಪ್ಪಲಿ" ಎನ್ನುತ್ತಿದ್ದಳು ಅವಳು.

ಅಂತೂ ಮುಗಿಯಿತು. ತಿಳಿ ಬೂದು ಬಣ್ಣ, ಹೊಸ್ತಿಲಿಲ್ಲ, ಕೋಣೆಯಿಂದ ಬಾಗಿಲವರೆಗೆ ಒಂದೇ ಹಾಸು. ಅಕ್ಕನ ಕುರ್ಚಿಯನ್ನು ಕೋಣೆಯ ಬಾಯಲ್ಲಿ ನಿಲ್ಲಿಸಿ, ಕಾಫಿ ತರಲು ಒಳಗೆ ಹೋದೆ. ತಿರುಗಿ ಬಂದಾಗ ಅವಳು ಅಲ್ಲಿರಲಿಲ್ಲ. ನಡುಮನೆಯ ನಡುವೆ ಇದ್ದಳು. ಹೋಗುತ್ತಿದ್ದಳು. ಕೈ ಮಡಿಲಲ್ಲಿತ್ತು. ಕುರ್ಚಿ ತಾನಾಗಿ, ಸದ್ದಿಲ್ಲದೆ, ಹಸು ಕೊಟ್ಟಿಗೆಯ ಕಡೆ ಹೋಗುವಂತೆ ಮುಂಬಾಗಿಲ ಕಡೆ ಹೋಗುತ್ತಿತ್ತು.

ಕಾಫಿ ಚೆಲ್ಲಿ ಓಡಿ ಹಿಡಿದೆ. ಚೆಲ್ಲಿದ ಕಾಫಿಯೂ ನಮ್ಮ ಹಿಂದೆಯೇ ಬಾಗಿಲಿಗೆ ಬಂತು.

ಫೋನಿನಲ್ಲಿ ಉಮರಬ್ಬನಿಗೆ ಬಾಯಿಗೆ ಬಂದದ್ದು ಹೇಳಿದೆ. "ನನ್ನ ನೆಲ ಓರೆಯಾ? ಯಾವ ನಾಲಿಗೆ ಹೇಳಿದ್ದು ಅದು?" ಎಂದು ಅವರೂ ಕೂಗಿದರು. ಪಿಕಪ್‌ನಲ್ಲಿ ಬಂದಿಳಿದವರು ಯಾರಿಗೂ ಕಾಯದೆ ತಾವೇ ಅಡುಗೆಮನೆಗೆ ಹೋಗಿ ಚೊಂಬು ತುಂಬಿಕೊಂಡು ಬಂದು ಸುರಿದರು. ನೀರು ಸ್ವಲ್ಪ ಯೋಚಿಸಿತು. ಆಮೇಲೆ ನೆಟ್ಟಗೆ ಬಾಗಿಲಿಗೆ ಹೊರಟಿತು.

ಅವರು ಹಿಂದೆ ಹೋಗಲಿಲ್ಲ. ಕೂತರು. ಈಗ ನೆನಪಾಗುತ್ತದೆ, ಅವರು ಕೂತದ್ದು ಆಗಲೇ.

"ಕಣದ ಕೈ ಟೀಚರೇ" ಎಂದರು ತಮ್ಮ ಅಂಗೈಯನ್ನೇ ನೋಡುತ್ತ. "ಇಷ್ಟು ವರ್ಷ ವಾಟ ಇಟ್ಟೂ ಇಟ್ಟೂ, ಇದಕ್ಕೆ ಅದೇ ಸಮ ಅಂತ ಕಾಣ್ತದೆ. ಕಿತ್ತುಹಾಕ್ತೀನಿ. ನಾಳೆಯೇ."

"ಕೀಳಲೇಬೇಕು" ಎಂದೆ ನಾನು.

"ಯಾರೂ ಏನೂ ಕೀಳಬೇಡಿ" ಎಂದಳು ಅಕ್ಕ.

ಜಗಳ ಸುಮಾರು ಹೊತ್ತು ನಡೆಯಿತು. ಬಾಗಿಲು ತೆರೆದಿದ್ದರೆ ಜಗಲಿಗೆ ಹೋಗಿ, ಅಲ್ಲಿಂದ ಕೆಳಗೆ ಬೀಳುತ್ತೀಯ ಎಂದು ನಾನು. ಜಗಲಿಗೆ ಕಟ್ಟೆ ಇದೆ, ಬಲಗಾಲಿನ ಬೆರಳು ನೆಲಕ್ಕೆ ಒತ್ತಿದರೆ ನಿಲ್ಲುತ್ತದೆ, ಮಾಡಿ ನೋಡಿದ್ದೇನೆ ಎಂದು ಅವಳು. ತಿರುಗಿ ಬರುವುದು ಹೇಗೆ, ಏರು ಆಗುತ್ತದಲ್ಲ ಎಂದೆ. ಅವಳು ನನ್ನನ್ನು ದಡ್ಡ ಹುಡುಗರನ್ನು ನೋಡುತ್ತಿದ್ದಂತೆ ನೋಡಿದಳು.

"ಹೋಗುವಾಗ ನಾನು ಹೋಗ್ತೀನಿ ಶೇಖರ. ಬರುವಾಗ ನೀನು ತಾ."

ಉಮರಬ್ಬ ಎದ್ದು ಲುಂಗಿ ಕೊಡವಿದರು. ಹೋಗುವಾಗ ಬಾಗಿಲ ಸಂದಿಯ ರಸಮಟ್ಟವನ್ನು ತೆಗೆದುಕೊಂಡು ಹೋದರು.

ಅವರು ಬೇಕೆಂದೇ ಹಾಗೆ ಮಾಡಿದರು ಎಂಬುದು ಅಕ್ಕನ ನಂಬಿಕೆ. ನಾನು ಸಿಮೆಂಟ್ ತರಲು ಮೂಡಿಗೆರೆಗೆ ಹೋಗಿದ್ದಾಗ "ನೀವು ಎಲ್ಲಿಗೆ ಹೋಗ್ಬೇಕು ಟೀಚರೇ?" ಎಂದು ಕೇಳಿದ್ದರಂತೆ, ಅವಳು ಬಾಗಿಲನ್ನು ತೋರಿಸಿದ್ದಳಂತೆ. ಸಾಕ್ಷಿಯಾಗಿ ಅಡುಗೆಮನೆಯನ್ನು ಮುಂದಿಡುತ್ತಾಳೆ. ಅಲ್ಲಿನ ನೆಲ ತಟ್ಟೆಯಂತೆ ಸಮವಾಗಿದೆ. ಕೈ ಮರೆತದ್ದಾದರೆ ಅಲ್ಲೇಕೆ ಮರೆಯಲಿಲ್ಲ? ಅಡುಗೆಮನೆಯ ನೆಲ ಹಾಕಿದ್ದು ಅವರ ಅಳಿಯ ಎಂದು ನನ್ನ ನೆನಪು. ಅಳಿಯ ಬಂದದ್ದೇ ಇಲ್ಲ ಎಂದು ಅವಳ ನೆನಪು. ಬೇಕೆಂದೇ ಮಾಡಿದ್ದು ಎಂಬ ಕತೆ ಕೇಳಲು ಎಷ್ಟು ಚೆನ್ನಾಗಿದೆಯೆಂದರೆ, ಅದಕ್ಕಾಗಿಯೇ ನನಗೆ ಅದರ ಮೇಲೆ ಗುಮಾನಿ.

ಅವರನ್ನೇ ಕೇಳಿದ್ದೆ ಒಮ್ಮೆ. ಅದೇ ಕೊನೆಯ ಭೇಟಿ. ಕೊಟ್ಟಿಗೆಹಾರದ ಒಂದು ಹೋಟೆಲಿನ ಮುಂದೆ ನಿಂತು ಚಹಾ ಕುಡಿಯುತ್ತಿದ್ದರು. ಎರಡೂ ಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದರು. ನೆಲ ಹಾಕುವವರ ಮಂಡಿ ಮೊದಲು ಹೋಗುತ್ತದೆ. ಒಳಗೆ ಬೆಂಚು ಖಾಲಿಯಿತ್ತು. ಆದರೂ ಅವರು ಆ ಕಾಲಿನಿಂದ ಈ ಕಾಲಿಗೆ ಭಾರ ಬದಲಿಸುತ್ತ ನಿಂತೇ ಇದ್ದರು.

"ಟೀಚರ್ ಬಾಗಿಲಿಗೆ ಹೋಗ್ತಾ ಇದ್ದಾರಾ?"

"ದಿನಾ ಹೋಗ್ತಾಳೆ."

"ಬರೋದು?"

"ಅದು ನನ್ನ ಕೆಲಸ."

ನಕ್ಕರು. ಸಮಯ ನೋಡಿ ಕೇಳಿದೆ: "ನಿಜ ಹೇಳಿ ಉಮರಬ್ಬ. ಬೇಕು ಅಂತ್ಲೇ ಮಾಡಿದ್ದಾ, ಕೈತಪ್ಪಾ?"

ಅವರು ಲೋಟದ ತಳದ ಚಹಾವನ್ನು ರಸ್ತೆಗೆ ಚೆಲ್ಲಿ, ಅದು ಯಾವ ಕಡೆ ಹೋಗುತ್ತದೆ ಎಂದು ಅಭ್ಯಾಸಬಲದಿಂದ ನೋಡಿದರು.

"ಟೀಚರಿಗೆ ಹೌದು ಅಂತ ಹೇಳಿ ರೈಟ್ರೇ. ನೀವು ಇಲ್ಲ ಅಂತ ಇಟ್ಕೊಳ್ಳಿ. ಇಬ್ರಿಗೂ ನಿದ್ದೆ ಬರ್ತದೆ."

ನನಗೆ ಬರಲಿಲ್ಲ. ಅದು ಬೇರೆ ಮಾತು.

ಅವರು ಹೋದ ಸುದ್ದಿಯನ್ನು ಅವರ ಮಗಳು ತಿಳಿಸಿದಳು. ಫೋನು ಬಂದದ್ದು ನನಗಲ್ಲ, ಅಕ್ಕನಿಗೆ. ಬೆಂಚಿನ ಮೇಲೆ ನಿಲ್ಲಿಸಿದ್ದ ಟೀಚರಿಗೆ. ಅಕ್ಕ ಬಹಳ ಹೊತ್ತು "ಹೂಂ, ಹೂಂ" ಎನ್ನುತ್ತಿದ್ದಳು. ಫೋನಿಟ್ಟ ಮೇಲೆ, "ಶೇಖರ, ಒಂದು ಚೊಂಬು ನೀರು ಕೊಡು" ಎಂದಳು.

ಬಾಯಾರಿಕೆ ಎಂದುಕೊಂಡು ತಂದುಕೊಟ್ಟೆ. ಅವಳು ಕುರ್ಚಿಯಿಂದ ಬಲಗೈ ಚಾಚಿ ಅಷ್ಟನ್ನೂ ನೆಲಕ್ಕೆ ಸುರಿದಳು. ಕತೆಯ ಮೊದಲಿಗೂ ಕೊನೆಗೂ ಹೀಗೆ ಗಂಟು ಬೀಳುವುದು ನನಗೆ ಇಷ್ಟವಿಲ್ಲ. ಆದರೆ ಅವಳು ಸುರಿದಳು, ನಾನೇನು ಮಾಡಲಿ? ನೀರು ಸ್ವಲ್ಪ ಯೋಚಿಸಿ ಹೊರಟಿತು. ಅಕ್ಕ ಬ್ರೇಕು ಬಿಟ್ಟು ಅದರ ಹಿಂದೆಯೇ ಹೊರಟಳು. ಬಾಗಿಲ ಹತ್ತಿರ ಕಾಲಿನ ಬೆರಳು ಒತ್ತಿ ನಿಂತಳು. ರಸ್ತೆಯ ಕಡೆ ಮುಖ, ನನ್ನ ಕಡೆ ಬೆನ್ನು.

"ತರಲಾ?" ಎಂದು ಕೇಳಿದೆ. ಕೇಳದೆ ತಳ್ಳುವುದನ್ನು ನಾನು ಬಿಟ್ಟಿದ್ದೆ.

"ಈಗಲೇ ಬೇಡ."

ಒಳಗೆ ಹೋಗಿ ಒರೆಸುವ ಬಟ್ಟೆ ಹುಡುಕಿ ತಂದೆ. ಬರುವಷ್ಟರಲ್ಲಿ ನಡುಮನೆಯಲ್ಲಿ ಒರೆಸಲು ಏನೂ ನಿಂತಿರಲಿಲ್ಲ.